ಹತ್ತಿ ಬರದ ಲೇಖನ: ತಮ್ಮನಿಗೊಂದು ಪತ್ರ

ಪ್ರೀತಿಯ ತಮ್ಮಾ,

ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿ, ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳಿಗೆ ಬರುವ ಹತ್ತಿ ನಿಂತ ಆ ಹತ್ತಿ ಬರದ ಮೇಲಿನ ನಿನ್ನ ಲೇಖನ ಓದಿದೆ. ಮೊದಲ ಪುಟದಲ್ಲೇ ಹಸಿದ ಕಾರ್ಮಿಕರು ಗುಲಾಮಗಿರಿಯ ವಿರುದ್ಧ ಎದೆಯುಬ್ಬಿಸಿ ನಿಂತುಬಿಟ್ಟಿದ್ದಾರೆ. ಅಷ್ಟು ಅವಸರ ಬೇಡ. 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್‌ನಲ್ಲಿ ಸಭೆ ಸೇರಿ ಅಮೆರಿಕದ ಅಧ್ಯಕ್ಷ ಲಿಂಕನ್‌ಗೆ ಬೆಂಬಲದ ಪತ್ರ ಕಳಿಸಿದ್ದು ನಿಜ, ಮರು ತಿಂಗಳು ಅದಕ್ಕೆ ಉತ್ತರ ಬಂದದ್ದೂ ನಿಜ. ಆದರೆ ದಿಗ್ಬಂಧನ ಮುರಿದಾದರೂ ಹತ್ತಿ ತರಿಸಿ ಎಂದವರೂ ಅದೇ ಸೀಮೆಯಲ್ಲಿದ್ದರು. ಒಂದು ಸಭೆಯ ನಿರ್ಣಯಕ್ಕೆ ಇಡೀ ಸೀಮೆಯ ಹೆಬ್ಬೆಟ್ಟು ಒತ್ತಿಸಬೇಡ.

1861ರ ಏಪ್ರಿಲ್‌ನಲ್ಲಿ ಯುದ್ಧ ಶುರು, ಬೆನ್ನಿಗೇ ಗಿರಣಿ ಬಂದ್ ಎನ್ನುವ ಹಾಗೂ ಬರೆದಿದ್ದೀಯ. ಹಿಂದಿನ ಎರಡು ವರ್ಷ ಮಿತಿಮೀರಿ ನೇಯ್ದಿದ್ದರಿಂದ ಗೋದಾಮುಗಳಲ್ಲಿ ಬಟ್ಟೆ ತುಂಬಿತ್ತು, ಮಾರುಕಟ್ಟೆ ಜಗ್ಗಿತ್ತು. ಮೊದಮೊದಲು ಕೆಲಸದ ದಿನ ಕಡಿಮೆಯಾದದ್ದಕ್ಕೆ ಅದೂ ಕಾರಣ. ಹತ್ತಿ ನಿಜವಾಗಿ ತೀರಿದ್ದು 1862ರಲ್ಲಿ. ಆ ವರ್ಷದ ಕೊನೆಗೆ ಸುಮಾರು 5 ಲಕ್ಷ ಜನ ಪರಿಹಾರದ ಮೇಲೆ ಬದುಕುತ್ತಿದ್ದರು. ಈ ಮಾತನ್ನು ಬರೆಯದೆ ಬಿಟ್ಟರೆ, ಬೆಲೆ ಏರಿದಾಗ ದಾಸ್ತಾನು ಮಾರಿ ಲಾಭ ಮಾಡಿಕೊಂಡ ಮಾಲೀಕರು ನಿನ್ನ ಲೇಖನದಿಂದ ನುಣುಚಿಕೊಳ್ಳುತ್ತಾರೆ.

ನೀನು ನಿಲ್ಲಬೇಕಾದ ಜಾಗ ಮಗ್ಗದ ಮುಂದೆ. ಭಾರತದಿಂದ ಹೋದ ಹತ್ತಿಗೆಲ್ಲ ಅಲ್ಲಿ 'ಸೂರತ್' ಎಂದೇ ಹೆಸರು. ಎಳೆ ಗಿಡ್ಡ, ಕಸ ಜಾಸ್ತಿ, ನೂಲು ಹೆಜ್ಜೆಹೆಜ್ಜೆಗೂ ತುಂಡಾಗುತ್ತಿತ್ತು. ತುಂಡಾದಾಗೆಲ್ಲ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಲಾಳಿಯೊಳಗಿನ ಕಂಡಿ, ಅಂದರೆ ನೂಲು ಸುತ್ತಿದ ಕಡ್ಡಿ, ಮುಗಿದರೆ ಹೊಸದನ್ನಿಟ್ಟು, ಲಾಳಿಯ ಕಣ್ಣಿಗೆ ಬಾಯಿ ಹಚ್ಚಿ ನೂಲು ಹೀರಿ ತೆಗೆಯಬೇಕು. ಕೂಲಿ ತುಂಡಿನ ಲೆಕ್ಕದ್ದು. ಹಾಗಾಗಿ ಕೆಲಸ ಸಿಕ್ಕವಳ ಸಂಬಳವೂ ಇಳಿಯಿತು. ನೂಲು ಗಟ್ಟಿಯಾಗಲೆಂದು ಬಳಿಯುವ ಗಂಜಿಗೆ ಚೀನಾಮಣ್ಣು ಹೆಚ್ಚು ಹೆಚ್ಚು ಬೆರೆಸಿದರು, ಅದರ ಧೂಳು ಎದೆಗಿಳಿಯಿತು. 'ಸಂಕಷ್ಟ' ಎಂಬ ಪದವನ್ನು ನೀನು ಹನ್ನೊಂದು ಸಲ ಬಳಸಿದ್ದೀಯ. ಅವನ್ನೆಲ್ಲ ತೆಗೆದು ಈ ಲಾಳಿ ಇಡು.

ಧಾರವಾಡಕ್ಕೆ ಒಂದೇ ಸಾಲು ಕೊಟ್ಟಿದ್ದು ಮಾತ್ರ ಅನ್ಯಾಯ. ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ ಇಲ್ಲಿನ ಎರೆಭೂಮಿಗೆ ಬಂದದ್ದು 1840ರ ದಶಕದಲ್ಲೇ. ಅದರ ಅರಳೆ ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಜವಾರಿ ಹತ್ತಿಗೆ ಸಾಲುವ ಕಾಲುರುಳೆ, ಅಂದರೆ ಕಾಲಿನಿಂದ ಉರುಳಿಸಿ ಬೀಜ ಬಿಡಿಸುವ ಸಾಧನ, ಅದಕ್ಕೆ ಸಾಲದು, ಗರಗಸದ ಹಲ್ಲಿನ ಜಿನ್ ಯಂತ್ರ ಬೇಕು. ಜಿನ್ನಿನ ಹಲ್ಲು ಕೆಟ್ಟರೆ ಎಳೆಯೇ ಕತ್ತರಿಸಿ ಹೋಗುತ್ತದೆ. ಅಂದರೆ ಬೀಜದ ಹಿಂದೆಯೇ ಯಂತ್ರ, ಯಂತ್ರದ ಹಿಂದೆ ರಿಪೇರಿಯವನು. ಹತ್ತಿ ಸೀಮೆಗೆ ಹತ್ತಿರದ ಬಂದರುಗಳಲ್ಲಿ ಒಂದು ಕಾರವಾರ, ಅದೋ ಮದ್ರಾಸ್ ಪ್ರಾಂತದ ಕೈಯಲ್ಲಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ನಕಾಶೆಯ ಗೆರೆಯನ್ನೇ ಹತ್ತಿಯ ಅಂಡಿಗೆ (ಮೂಟೆ) ಸರಿಸಿತು ನೋಡು! ಬೆಲೆ ಏರಿದ ಹಾಗೆ ನೀರು ಚಿಮುಕಿಸುವುದು, ಅರಳೆಯಲ್ಲೇ ಬೀಜ ಉಳಿಸುವುದು, ವಿಲಾಯತಿಗೆ ಜವಾರಿ ಬೆರೆಸುವುದು ಬೆಳೆಯಿತು. 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ಕಲಬೆರಕೆಯ ವಿರುದ್ಧ ಕಾಯ್ದೆ ತಂದಿತು. ಆದರೆ ರೈತನನ್ನೇ ಕಳ್ಳನೆಂದುಬಿಡಬೇಡ, ಹೊಲದಿಂದ ಹಡಗಿನ ತನಕ ಹತ್ತಾರು ಕೈ ಇದ್ದವು.

ರಾಜಕೀಯಕ್ಕೆ ಬರುವಾಗ ಮ್ಯಾಂಚೆಸ್ಟರ್ ಹತ್ತಿರದ ಗಿರಣಿ ಊರು ಸ್ಟೇಲಿಬ್ರಿಡ್ಜ್ ಬಿಡಬೇಡ. 1863ರ ಮಾರ್ಚ್‌ನಲ್ಲಿ ಅಲ್ಲಿ ಪರಿಹಾರವನ್ನು ನಗದಿನ ಬದಲು ಅಂಗಡಿ ಚೀಟಿಯಲ್ಲಿ ಕೊಡಲು ಹೊರಟಾಗ ಜನ ದಂಗೆಯೆದ್ದರು, ಕುದುರೆಪಡೆ ಬಂತು. ಜನ ಕೆರಳಿದ್ದು ಚೀಟಿಯ ಅವಮಾನಕ್ಕೆ. ಆಮೇಲೆ ಆಗಿನ ಬ್ರಿಟಿಷ್ ಅರ್ಥಮಂತ್ರಿ ಗ್ಲ್ಯಾಡ್‌ಸ್ಟನ್ ಇದೇ ಲ್ಯಾಂಕಶೈರಿನ ಜನರ ತಾಳ್ಮೆಯನ್ನು ಮತದ ಹಕ್ಕಿಗೆ ವಾದವಾಗಿ ಮುಂದಿಟ್ಟರು. 1867ರ ಸುಧಾರಣೆ ಪಟ್ಟಣದ ಅನೇಕ ಕಾರ್ಮಿಕ ಗಂಡಸರಿಗೆ ಮತ ಕೊಟ್ಟಿತು. ಹತ್ತಿ ಗಿರಣಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿದ್ದ ಹೆಂಗಸರಿಗೆ ಕೊಡಲಿಲ್ಲ. ದಂಗೆ, ತಾಳ್ಮೆ ಎರಡನ್ನೂ ಒಂದೇ ಪುಟದಲ್ಲಿಡು.

ಇನ್ನು ಲೆಕ್ಕ. ಲಿವರ್‌ಪೂಲಿನ ಬೆಲೆ ಪೌಂಡು ತೂಕಕ್ಕೆ ಪೆನ್ಸಿನಲ್ಲಿ, ಮುಂಬಯಿಯದು ಖಂಡಿಗೆ ರೂಪಾಯಿಯಲ್ಲಿ. ಮುಂಬಯಿ ಖಂಡಿ 784 ಪೌಂಡು, ಅಂಡಿಗೆ 392. ನಿನ್ನ ನಾಲ್ಕನೇ ಪುಟದಲ್ಲಿ ಖಂಡಿ, ಅಂಡಿಗೆ ಎರಡನ್ನೂ ಒಂದೇ ಎಂದು ಎಣಿಸಿರುವುದರಿಂದ ರೈತನಿಗೆ ಬಂದ ಹಣ ದುಪ್ಪಟ್ಟಾಗಿದೆ. ಅದನ್ನು ಸರಿಮಾಡಿ, ಮೊದಲ ಪುಟ ಬಿಟ್ಟು ಉಳಿದದ್ದನ್ನು ಕಳಿಸು.

ನಿನ್ನ,
ಅಣ್ಣ