ನಿಮಗೆ ಅವರು ಏನಾಗಬೇಕು?

ನಮ್ಮ ಸಂಘದ ಸುದ್ದಿಪತ್ರದ ಕಳೆದ ಸಂಚಿಕೆಯಲ್ಲಿ ಹಿರಿಯರ ಪುಟ ಸಪ್ಪೆಯಾಗಿತ್ತು ಎಂದು ಹಲವರು ಹೇಳಿದಿರಿ. ಮೆಂತ್ಯದ ಉಪಯೋಗಗಳ ಬಗ್ಗೆ ಅರ್ಧ ಪುಟ, ಒಂದು ಪದಬಂಧ, ಅಷ್ಟೇ. ಅಲ್ಲಿ ಬೇರೊಂದು ಲೇಖನ ಬರಬೇಕಿತ್ತು. ಟೈಪ್ ಆಗಿತ್ತು, ಕರಡು ತಿದ್ದಿ ಆಗಿತ್ತು, ಪುಟಕ್ಕೆ ಕೂಡಿಸಿಯೂ ಆಗಿತ್ತು. ಕಡೇ ರಾತ್ರಿ ತೆಗೆದು ಹಾಕಿದವನು ನಾನು. ಯಾರೂ ತೆಗಿ ಅಂದಿರಲಿಲ್ಲ.

ಬರೆದವರು ಮಂಗಳೂರಿನವರು, ಬಂಟರು, ವಯಸ್ಸು 74. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಎರಡು ವರ್ಷದ ಹಿಂದೆ ಇಲ್ಲಿ ಅಮೆರಿಕದಲ್ಲಿರುವ ಅಕ್ಕನ ಮಗಳ ಮನೆಗೆ ಬಂದು ಆರು ತಿಂಗಳು ಇದ್ದರು. ನಮ್ಮ ಯುಗಾದಿ ಕಾರ್ಯಕ್ರಮದಲ್ಲಿ ಲುಂಗಿ ಎತ್ತಿ ಕಟ್ಟಿ ನೀರುದೋಸೆ ಹೊಯ್ದವರು ಅವರೇ. ದೋಸೆ ತಿಂದವರಿಗೆ ನೆನಪಿರುತ್ತದೆ.

ಲೇಖನದಲ್ಲಿ ಅವರು ತಮ್ಮ ಮನೆಯ ಕತೆ ಬರೆದಿದ್ದರು. 1981ರಿಂದ ಅವರು ಇನ್ನೊಬ್ಬ ಗಂಡಸಿನ ಜೊತೆ ಒಂದೇ ಮನೆಯಲ್ಲಿದ್ದಾರೆ. ಮದುವೆಯಾದವರು ಇರುವ ಹಾಗೆ. ಜಗಳ ಆಡುತ್ತಾ, ಲೈಟ್ ಬಿಲ್ ಕಟ್ಟುತ್ತಾ, ಒಬ್ಬರ ಶುಗರ್ ಮಾತ್ರೆ ಇನ್ನೊಬ್ಬರು ನೆನಪಿಸುತ್ತಾ. ಅದೇ ಸಂಚಿಕೆಯ ಮುಖಪುಟದಲ್ಲಿ ನಮ್ಮ ಊರಿನ ಕಡೆಯ ಒಬ್ಬ ಸ್ವಾಮಿಗಳು ಸಂಘಕ್ಕೆ ಬಂದಿದ್ದ ಫೋಟೋ ಇತ್ತು. ಮುಂದೆ ಸ್ವಾಮಿಗಳು, ಒಳಗೆ ಇದು. ನನಗೆ ಭಯವಾಯಿತು. ಸ್ವಾಮಿಗಳು ಈ ವಿಷಯದಲ್ಲಿ ಏನೂ ಹೇಳಿರಲಿಲ್ಲ. ನಮ್ಮ ಸುದ್ದಿಪತ್ರ ಓದುತ್ತಾರೆ ಅನ್ನುವುದಕ್ಕೂ ಆಧಾರವಿಲ್ಲ. ಅವರ ಹೆಸರಿನಲ್ಲಿ ನಾನೇ ಹೆದರಿಕೊಂಡೆ.

ವಾರ್ಷಿಕ ಸಭೆಯಲ್ಲಿ ಆ ಅಕ್ಕನ ಮಗಳು ಎದ್ದು ನಿಂತು, "ನಮ್ಮ ಮಾಮನ ಲೇಖನ ಎಲ್ಲಿ ಹೋಯಿತು?" ಎಂದು ಕೇಳಿದರು. ಆಮೇಲೆ ನಡೆದದ್ದು ನಿಮಗೆ ಗೊತ್ತೇ ಇದೆ. ನಲವತ್ತು ನಿಮಿಷ ಕೂಗಾಟ. ಗೋಳಿಬಜೆ ತಣ್ಣಗಾಗಿ ರಬ್ಬರ್ ಆಯಿತು. ಹೆಚ್ಚು ಕೇಳಿಬಂದ ಮಾತು ಒಂದೇ: ಗುರುಗಳು ಒಪ್ಪದ ವಿಷಯವನ್ನು ನಾವು ಯಾಕೆ ಬೀದಿಗೆ ತರಬೇಕು?

ನಾನು ಉಡುಪಿಯವನು. ರಥಬೀದಿಯ ಹಿಂದಿನ ಓಣಿಯಲ್ಲಿ ಬೆಳೆದವನು. ಗುರುಗಳ ನಡುವಿನ ಭಿನ್ನಾಭಿಪ್ರಾಯ ಬೀದಿಗೆ ಬರುವುದಿಲ್ಲ ಅನ್ನುವವರು ನಮ್ಮ ಬೀದಿ ನೋಡಿಲ್ಲ ಅಂತಲೇ ಅರ್ಥ. ಎಂಟು ಮಠ, ಕೃಷ್ಣನ ಪೂಜೆಗೆ ಎರಡೆರಡು ವರ್ಷದ ಸರದಿ, ಅದೇ ಪರ್ಯಾಯ. ಒಂದು ಮಠಕ್ಕೆ ಸರದಿ ಮತ್ತೆ ಬರಲು 16 ವರ್ಷ. 2008ರಲ್ಲಿ ಪುತ್ತಿಗೆ ಮಠದ ಸರದಿ ಬಂದಾಗ ಏನಾಯಿತು? ಸುಗುಣೇಂದ್ರ ತೀರ್ಥರು ವಿದೇಶಕ್ಕೆ ಹೋಗಿ ಬಂದವರು, ಸಮುದ್ರ ದಾಟಿದ ಯತಿಗಳು ಕೃಷ್ಣನನ್ನು ಮುಟ್ಟಿ ಪೂಜೆ ಮಾಡಬಾರದು ಎಂದು ಬೇರೆ ಮಠಗಳವರು ತಕರಾರು ತೆಗೆದರು. ಹೋಟೆಲಿನಲ್ಲಿ, ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ ಅದೇ ಮಾತು. ಆದರೂ ಅವರು ಪೀಠ ಏರಿದರು. 2024ರ ಜನವರಿಯಲ್ಲಿ ಮತ್ತೊಮ್ಮೆ ಏರಿದರು. ಈ ಸುದ್ದಿಪತ್ರ ಓದುವ ಪ್ರತಿಯೊಬ್ಬರೂ ಸಮುದ್ರ ದಾಟಿದವರೇ, ಅಲ್ವಾ? ನಮ್ಮಲ್ಲಿ ಎಷ್ಟು ಮನೆಗಳ ಗೃಹಪ್ರವೇಶಕ್ಕೆ ಪುರೋಹಿತರು ವಿಮಾನದಲ್ಲಿ ಬಂದಿಲ್ಲ?

2017ರಲ್ಲಿ ಪೇಜಾವರ ಮಠದ ವಿಶ್ವೇಶ ತೀರ್ಥರು ಕೃಷ್ಣಮಠದಲ್ಲಿ ಇಫ್ತಾರ್ ಕೂಟ ಮಾಡಿದರು. ವಿರೋಧ ಬಂತು, ಪ್ರತಿಭಟನೆಯೂ ಆಯಿತು. ಅವರು ಹಿಂದೆ ಸರಿಯಲಿಲ್ಲ. ಇತ್ತ ಮಂಗಳೂರಿನಲ್ಲಿ, ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿ ದೇವಸ್ಥಾನದಲ್ಲಿ, 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರಾಗಿ ನೇಮಿಸಿದರು. ಯಾವ ಶಾಸ್ತ್ರದಲ್ಲಿದೆ ಎಂದು ಕೇಳಿದವರು ಅವತ್ತೂ ಇದ್ದರು.

ಸಲಿಂಗಿಗಳ ವಿಷಯದಲ್ಲೂ ಗುರುಗಳೆಲ್ಲ ಒಂದೇ ಮಾತು ಹೇಳಿದ್ದಾರೆ ಅನ್ನುವುದು ಸುಳ್ಳು. 2009ರಲ್ಲಿ ದೆಹಲಿ ಹೈಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಸೆಕ್ಷನ್ 377ರ ಹಲ್ಲು ಕಿತ್ತಾಗ, ಬೇರೆ ದಿನ ಒಂದೇ ವೇದಿಕೆ ಹತ್ತದ ಬೇರೆ ಬೇರೆ ಧರ್ಮಗಳವರು ಒಟ್ಟಿಗೆ ವಿರೋಧಿಸಿದ್ದು ನಿಜ. ಸುಪ್ರೀಂ ಕೋರ್ಟಿಗೆ ಮೊದಲು ಹೋದವರು ಒಬ್ಬ ಜ್ಯೋತಿಷಿಗಳು! 2013ರ ಡಿಸೆಂಬರಿನಲ್ಲಿ ಹೈಕೋರ್ಟಿನ ತೀರ್ಪು ಬಿದ್ದುಹೋಯಿತು. ಆಗ ಶ್ರೀ ಶ್ರೀ ರವಿಶಂಕರ್, ಹಿಂದೂ ಸಂಸ್ಕೃತಿಯಲ್ಲಿ ಇದು ಎಂದೂ ಅಪರಾಧವಾಗಿರಲಿಲ್ಲ ಎಂದರು. ಅಯ್ಯಪ್ಪ ಹರಿಹರಸುತ ಎಂದು ನೆನಪಿಸಿದರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟೇ ಇದು ಅಪರಾಧವಲ್ಲ ಎಂದಿತು. 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟ್, ಮದುವೆಯ ಹಕ್ಕು ಕೊಡುವುದು ನಮ್ಮ ಕೆಲಸವಲ್ಲ ಎಂದಿತು. ಎರಡೇ ತಿಂಗಳಿಗೆ ಪೋಪ್ ಫ್ರಾನ್ಸಿಸ್, ಸಲಿಂಗ ಜೋಡಿಗಳು ಬಂದು ಕೇಳಿದರೆ ಪಾದ್ರಿಗಳು ಆಶೀರ್ವಾದ ಕೊಡಬಹುದು, ಅದು ಮದುವೆಯ ಹಾಗೆ ಕಾಣಬಾರದು, ಎಂದರು. ಆಫ್ರಿಕಾದ ಬಿಷಪರು ನಮ್ಮಲ್ಲಿ ಆಗುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. ಎಲ್ಲರೂ ಜಗಳ ಆಡುತ್ತಿದ್ದಾರೆ. ಸುಮ್ನೆ ಇದ್ದದ್ದು ನಮ್ಮ ಸುದ್ದಿಪತ್ರ ಮಾತ್ರ.

ಸೆಪ್ಟೆಂಬರಿನಲ್ಲಿ ಊರಿಗೆ ಹೋದಾಗ ಕದ್ರಿಯ ಕಡೆ ಇರುವ ಅವರ ಮನೆಗೆ ಹೋದೆ, ತಪ್ಪಾಯಿತು ಎಂದು ಹೇಳುವುದಕ್ಕೆ. ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಬಾಗಿಲ ಚೌಕಟ್ಟಿನಲ್ಲಿ ಹೋದ ವರ್ಷದ ಕುರಲ್ ಒಣಗಿ ನೇತಾಡುತ್ತಿತ್ತು. ತುಳುನಾಡಿನವರಿಗೆ ಹೇಳಬೇಕಿಲ್ಲ, ಉಳಿದವರಿಗೆ, ಕುರಲ್ ಅಂದರೆ ಭತ್ತದ ತೆನೆ. ಹೊಸ ಬೆಳೆ ಬಂದಾಗ ಮನೆಗೆ ಕಟ್ಟುತ್ತಾರೆ, ಆಮೇಲೆ ಹೊಸ ಅಕ್ಕಿಯ ಊಟ, ಪುದ್ವಾರ್. ಅವತ್ತು 8ನೇ ತಾರೀಖು, ಮೊಂತಿ ಫೆಸ್ತ್, ಮಂಗಳೂರಿನ ಕ್ಯಾಥೊಲಿಕರ ಹೊಸ ತೆನೆಯ ಹಬ್ಬ. ಇನ್ನೊಬ್ಬರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, 71 ವರ್ಷ. ಇಗರ್ಜಿಯಿಂದ ತೆನೆ ತಂದಿದ್ದರು. ಅಲ್ಲಿ ಮನೆಗೊಂದು ಅಂತ ಕೊಡುತ್ತಾರೆ. ವಾಕರ್ ಹಿಡಿದೇ ಹೋಗಿ ತಂದಿದ್ದರಂತೆ. ಅಡುಗೆಮನೆಯ ಸ್ಟೂಲಿನಲ್ಲಿ ಕೂತು ಉಗುರಿನಲ್ಲಿ ಭತ್ತ ಸುಲಿಯುತ್ತಿದ್ದರು. ಕಾಳು ಪುಡಿ ಮಾಡಿ ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿಯಬೇಕು, ಅದು ನೊವೆಂ. ವರ್ಷಕ್ಕೆ ಎರಡು ಸಲ ಹೊಸ ಅಕ್ಕಿ ಊಟ ಮಾಡುವ ಮನೆ ನಾನು ನೋಡಿದ್ದು ಅದೊಂದೇ.

ನನ್ನ ಕ್ಷಮೆಯ ಮಾತು ಪೂರ್ತಿ ಕೇಳಲೂ ಲೇಖನ ಬರೆದವರಿಗೆ ಪುರಸೊತ್ತಿರಲಿಲ್ಲ. "ನೀವು ಎಂತಕ್ಕೆ ಹೆದರಿದ್ದು ಮಾರಾಯ್ರೆ? ನಾವೇ ಹೆದರುವುದು ಬಿಟ್ಟು ಏಳು ವರ್ಷ ಆಯ್ತಲ್ಲ," ಎಂದು ನಕ್ಕರು. 1981ರಿಂದ 2018ರ ತನಕ ಕಾನೂನಿನ ಲೆಕ್ಕದಲ್ಲಿ ಅಪರಾಧಿಗಳು. ನಡುವೆ 2009ರಿಂದ ನಾಲ್ಕು ವರ್ಷ ರಜೆ. ಊರಿನಲ್ಲಿ ಮೊದಮೊದಲು "ರೂಮ್‌ಮೇಟ್". ತಲೆ ಬೆಳ್ಳಗಾದ ಮೇಲೆ "ಅಣ್ಣ ತಮ್ಮನ ಹಾಗೆ". ಒಬ್ಬರು ಬಂಟರು, ಒಬ್ಬರು ಕ್ರಿಶ್ಚಿಯನ್ನರು, ಯಾವ ಸೀಮೆಯ ಅಣ್ಣ ತಮ್ಮ?

ಲೇಖನ ಬರೆದವರ ಅಜ್ಜಿಯ ಕಾಲದ ಅಳಿಯಸಂತಾನದ ಮನೆಯಲ್ಲಿ ಮದುವೆಯಾಗದ ತಮ್ಮಲೆ, ಅಂದರೆ ಸೋದರಮಾವ, ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಿದ್ದರಂತೆ. ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಹೋಗುವುದು, ಹಾಗಾಗಿ ಇವರಿಗೆ ಮಕ್ಕಳಿಲ್ಲ ಎಂದು ಯಾರೂ ಲೆಕ್ಕ ಇಡುತ್ತಿರಲಿಲ್ಲ. ಯಜಮಾನಿಕೆ, ಊಟ, ಮುಪ್ಪಿನಲ್ಲಿ ನೋಡುವವರು, ಎಲ್ಲ ಅಲ್ಲೇ. ಬಾಯಿ ಮಾತ್ರ ಮುಚ್ಚಿಕೊಂಡಿರಬೇಕು. 1956ರ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆ ಮನೆಗಳು ಕರಗಿದವು. ಈಗ ಬಾಯಿ ಬಿಡಬಹುದು, ಮನೆ ಇಲ್ಲ.

ಹೋದ ವರ್ಷ ಇಬ್ಬರಲ್ಲಿ ಚಿಕ್ಕವರು, 71ರವರು, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಆಪರೇಶನ್ ಫಾರ್ಮು. ಕೌಂಟರಿನ ಹುಡುಗಿ ಕೇಳಿದಳು: "ಪೇಶಂಟ್ ನಿಮಗೆ ಏನಾಗಬೇಕು?" ದೊಡ್ಡವರು ಪೆನ್ನು ಹಿಡಿದು ನಿಂತರು. ಹುಡುಗಿಯೇ ಪಾಪ, ಸಹಾಯ ಮಾಡೋಣ ಎಂದು "ಸಂಬಂಧಿಕರಾ?" ಎಂದಳು. ಹೌದು ಅಂದರೆ, ಫಾರ್ಮಿನಲ್ಲಿರುವ ಎರಡು ಹೆಸರು ನೋಡಿದರೆ ಸಾಕು, ಸಿಕ್ಕಿಬೀಳುತ್ತಾರೆ. ರಕ್ತಸಂಬಂಧಿಗಳೇ ಬೇಕು ಎಂದರು. ದುಬೈಯಲ್ಲಿದ್ದ ಪೇಶಂಟಿನ ಅಣ್ಣನ ಮಗನಿಗೆ ಫೋನು. ಅವನು ಬಂಟ್ವಾಳದ ಯಾರೋ ದಾಯಾದಿಗೆ ಹೇಳಿ ಕಳಿಸಿದ. ದಾಯಾದಿ ಬರಲು ನಾಲ್ಕು ಗಂಟೆ. ಸಹಿ ಹಾಕುವ ಮುಂಚೆ ಅವನು ಇವರನ್ನೇ ಕೇಳಿದನಂತೆ, ಅಂಕಲ್‌ಗೆ ವಯಸ್ಸೆಷ್ಟು ಅಂತ.

"ದೊಡ್ಡವರೆಲ್ಲ ಟಿವಿಯಲ್ಲಿ ಮದುವೆ ಬೇಕಾ ಬೇಡವಾ ಅಂತ ಜಗಳ ಆಡಲಿ," ಎಂದರು ಲೇಖನ ಬರೆದವರು. "ನನಗೆ ಒಂದು ಸಹಿ ಹಾಕ್ಲಿಕ್ಕೆ ಬಿಟ್ಟರೆ ಸಾಕು."

ಇದನ್ನು ಓದುವವರಲ್ಲಿ ಇಂಥ ಮಾಮ, ಚಿಕ್ಕಮ್ಮ, ಅತ್ತೆ ಊರಿನಲ್ಲಿ ಇರುವವರು ಇದ್ದೇ ಇದ್ದೀರಿ. ನಿಮಗಾಗಿ, ನಾನು ವಕೀಲರಲ್ಲಿ ಕೇಳಿ ತಿಳಿದದ್ದು ಇಷ್ಟು. ಜೊತೆಗಿರುವವರಿಗೆ ಕಾನೂನಿನಿಂದ ತಾನಾಗಿ ಆಸ್ತಿ ಬರುವುದಿಲ್ಲ. ವಿಲ್ ಬರೆಯಲೇಬೇಕು, ಇಬ್ಬರು ಸಾಕ್ಷಿಗಳು ಬೇಕು. ರಿಜಿಸ್ಟರ್ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವೇ ಸ್ಪಷ್ಟಪಡಿಸಿದೆ. ಆದರೆ ನಾಮಿನಿ ಆದ ಮಾತ್ರಕ್ಕೆ ವಾರಸುದಾರ ಆಗುವುದಿಲ್ಲ. ಇನ್ನು ಕೊನೆಗಾಲದ ಚಿಕಿತ್ಸೆ ಹೇಗಿರಬೇಕು ಎಂದು ಮೊದಲೇ ಬರೆದಿಡುವುದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದೆ, 2023ರಲ್ಲಿ ಅದನ್ನು ಸುಲಭವೂ ಮಾಡಿದೆ. ಇವರಿಬ್ಬರೂ ಎಲ್ಲ ಮಾಡಿಸಿದ್ದಾರೆ. ಕಾಗದಗಳು ಒಂದು ಪ್ಲಾಸ್ಟಿಕ್ ಕವರಿನಲ್ಲಿ, ಫ್ರಿಜ್ಜಿನ ಮೇಲೆ, ಕೈಗೆ ಸಿಗುವ ಹಾಗೆ ಇವೆ.

ಆ ಸುಲಿದ ಕಾಳು ಹಾಕಿದ ಹಾಲನ್ನು ನನಗೂ ಸ್ವಲ್ಪ ಕೊಟ್ಟರು. ಮನೆಯವರು ಮಾತ್ರ ಕುಡಿಯುವುದಲ್ವಾ ಎಂದೆ. ಚಿಕ್ಕವರು, "ಕುಡೀರಿ, ಲೇಖನ ಹಾಕಿದರೆ ಸಾಕು," ಎಂದರು.

ಹಾಕಿದ್ದೇನೆ, 11ನೇ ಪುಟದಲ್ಲಿದೆ. ಒಪ್ಪದವರು ಬರೆಯಿರಿ, ಅದನ್ನೂ ಹಾಕುತ್ತೇನೆ. ಅಚ್ಚಿಗೆ ಹೋಗುವ ಹಿಂದಿನ ದಿನ ದೊಡ್ಡವರು ಫೋನ್ ಮಾಡಿದ್ದರು. ಮೂರನೇ ಸಾಲಿನಲ್ಲಿ "ನನ್ನ ಸ್ನೇಹಿತರು" ಎಂದಿದೆಯಲ್ಲ, ಅದನ್ನು "ನಮ್ಮ ಮನೆಯವರು" ಎಂದು ಮಾಡಿ ಅಂದರು. ತಿದ್ದಿದ್ದೇನೆ.