ಕಾದ ಹೊತ್ತನ್ನು ನೆನಪಿಡುವ ಲೋಹ

ಪ್ರೀತಿಯ ಅಪ್ಪ, ಅಮ್ಮ, ಪುಟ್ಟಿ,

ನಾನು ಚೆನ್ನಾಗಿದ್ದೇನೆ. ಈಗ ಲ್ಯಾಬ್‌ನಲ್ಲಿ ಕೂತಿದ್ದೇನೆ. ಸ್ಯಾಂಪಲ್ ತಣ್ಣಗಾಗಿದೆ, ಇನ್ನು ಮೂರು ಗಂಟೆ ಅದನ್ನು ಮುಟ್ಟುವ ಹಾಗಿಲ್ಲ. ಅಲ್ಲಿಯವರೆಗೆ ನನಗೂ ಕೆಲಸವಿಲ್ಲ. ಹೋದ ವಾರ ಅಪ್ಪ ಫೋನಿನಲ್ಲಿ ಕೇಳಿದರಲ್ಲ, "ಎರಡು ವರ್ಷದಿಂದ ಅಲ್ಲಿ ಏನಮ್ಮಾ ಮಾಡ್ತಿದ್ದೀಯ?" ಅಂತ. ನಾನು ಸುಮ್ನೆ "ಫಿಸಿಕ್ಸು" ಅಂದು ಜಾರಿಕೊಂಡೆ. ಇಟ್ಟ ಮೇಲೆ ಬೇಜಾರಾಯಿತು. ಅದಕ್ಕೇ ಈ ಪತ್ರ.

ಮೊದಲು ಅಪ್ಪನ ಜೊತೆ ಒಂದು ಹಳೆಯ ಜಗಳ ಮುಗಿಸಬೇಕು. ಗಾಜು ತುಂಬ ನಿಧಾನವಾಗಿ ಹರಿಯುವ ದ್ರವ, ಅದಕ್ಕೇ ಯುರೋಪಿನ ಹಳೆಯ ಚರ್ಚುಗಳ ಕಿಟಕಿ ಗಾಜು ಕೆಳಗಡೆ ದಪ್ಪ ಅಂತ ನೀವು ಹೇಳುತ್ತಿದ್ದಿರಿ. ಅದು ತಪ್ಪು ಅಪ್ಪಾ. ಆಗಿನ ಕಾಲದಲ್ಲಿ ಗಾಜನ್ನು ಸಮನಾಗಿ ಮಾಡಲು ಬರುತ್ತಿರಲಿಲ್ಲ, ಅಷ್ಟೇ. ಮಾಮೂಲಿ ತಾಪದಲ್ಲಿ ಕಿಟಕಿ ಗಾಜು ಕಣ್ಣಿಗೆ ಕಾಣುವಷ್ಟು ಇಳಿಯಲು ವಿಶ್ವದ ವಯಸ್ಸೂ ಸಾಲದು. ನಿಜಕ್ಕೂ ಹರಿಯುವುದನ್ನು ನೋಡಬೇಕೆಂದರೆ ಡಾಂಬರಿನಂಥ ಪಿಚ್ ನೋಡಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಒಂದು ಲಾಳಿಕೆಗೆ ಪಿಚ್ ತುಂಬಿ ಇಟ್ಟರು. 2014ರ ಹೊತ್ತಿಗೆ ಬಿದ್ದಿದ್ದು ಒಂಬತ್ತೇ ಹನಿ! 2000ರಲ್ಲಿ ಎಂಟನೆಯದು ಬೀಳುವಾಗ ಕ್ಯಾಮೆರಾ ಕೈಕೊಟ್ಟಿತ್ತು. ಆ ಹನಿ ಬಿದ್ದದ್ದನ್ನು ಯಾರೂ ನೋಡಲಿಲ್ಲ. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಉಪ್ಪಿನ ಹರಳಿನಲ್ಲಿ ಪರಮಾಣುಗಳು ಸಾಲಾಗಿ ನಿಂತಿರುತ್ತವೆ. ಒಂದು ಮೂಲೆ ನೋಡಿದರೆ ಉಳಿದದ್ದೆಲ್ಲ ಗೊತ್ತಾಗುತ್ತದೆ. ಗಾಜಿನಲ್ಲಿ ಹಾಗಿಲ್ಲ. ದ್ರವದಲ್ಲಿ ಹೇಗೆ ಅಡ್ಡಾದಿಡ್ಡಿ ಇದ್ದವೋ ಹಾಗೇ ಸಿಕ್ಕಿಹಾಕಿಕೊಂಡಿರುತ್ತವೆ. ನಾನು ನೋಡುತ್ತಿರುವುದು ಇಂಥದ್ದೇ ಅಡ್ಡಾದಿಡ್ಡಿ, ಆದರೆ ಗಾಜಿನಲ್ಲಲ್ಲ, ಲೋಹದಲ್ಲಿ. ತಾಮ್ರಕ್ಕೆ ಸ್ವಲ್ಪ ಮ್ಯಾಂಗನೀಸ್ ಬೆರೆಸಿರುತ್ತಾರೆ. ಕೈಯಲ್ಲಿ ಹಿಡಿದರೆ ಮಾಮೂಲಿ ಲೋಹದ ಚೂರು. ಇದಕ್ಕೆ ಸ್ಪಿನ್ ಗ್ಲಾಸ್ ಅಂತ ಹೆಸರು.

ಪುಟ್ಟಿ, ಈ ಭಾಗ ನಿನಗೆ. ಒಂದೊಂದು ಮ್ಯಾಂಗನೀಸ್ ಪರಮಾಣುವೂ ಒಂದು ಪುಟಾಣಿ ಅಯಸ್ಕಾಂತ. ಇಂತಿಷ್ಟು ದೂರದಲ್ಲಿರುವ ಎರಡಕ್ಕೆ ಒಂದೇ ದಿಕ್ಕಿಗೆ ಮುಖ ಮಾಡಬೇಕು ಅನ್ನಿಸುತ್ತದೆ. ದೂರ ಸ್ವಲ್ಪ ಬದಲಾದರೆ ಬೆನ್ನು ತಿರುಗಿಸಬೇಕು ಅನ್ನಿಸುತ್ತದೆ. ಅವು ತಾಮ್ರದೊಳಗೆ ಎಲ್ಲೆಂದರಲ್ಲಿ ಬಿದ್ದಿರುವುದರಿಂದ ಯಾರಿಗೆ ಯಾರು ದೋಸ್ತಿ, ಯಾರಿಗೆ ಯಾರು ವೈರಿ ಅನ್ನುವುದಕ್ಕೆ ಲೆಕ್ಕವೇ ಇಲ್ಲ. ಈಗ ಪರಸ್ಪರ ಆಗದ ಮೂವರನ್ನು ತಗೋ. ಕೋಣೆ ಇರುವುದು ಎರಡೇ. ಹೇಗೆ ಹಂಚಿದರೂ ಆಗದವರಿಬ್ಬರು ಒಂದೇ ಕೋಣೆಯಲ್ಲಿ ಉಳಿಯುತ್ತಾರೆ ಅಲ್ವಾ? ಇದಕ್ಕೆ ನಮ್ಮಲ್ಲಿ ಫ್ರಸ್ಟ್ರೇಷನ್ ಅನ್ನುತ್ತಾರೆ. ತಮಾಷೆಗಲ್ಲ, ನಿಜವಾದ ಪಾರಿಭಾಷಿಕ ಪದ. ಸಂಶೋಧನೆ ಮಾಡುವವರಿಗೂ ಚೆನ್ನಾಗಿ ಒಪ್ಪುತ್ತದೆ.

ಮೂವರಾದರೆ ಕೂತು ಲೆಕ್ಕ ಹಾಕಬಹುದು. ಬರೀ ನೂರು ಅಯಸ್ಕಾಂತ ಇದ್ದು, ಒಂದೊಂದಕ್ಕೂ ಮೇಲೆ ಅಥವಾ ಕೆಳಗೆ ಎರಡೇ ದಿಕ್ಕು ಅಂದರೂ ಜೋಡಣೆಗಳ ಸಂಖ್ಯೆ 31 ಅಂಕಿಯದ್ದು. ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಶಕ್ತಿಯದ್ದು ಯಾವುದು? ಹುಡುಕಿ ಮುಗಿಯುವುದಿಲ್ಲ. ಲೋಹಕ್ಕೂ ಅದೇ ಪಾಡು. ಸುಮಾರಾಗಿ ನೆಮ್ಮದಿ ಕೊಡುವ ಜೋಡಣೆಗಳು ಲೆಕ್ಕವಿಲ್ಲದಷ್ಟಿವೆ. ಯಾವುದೋ ಒಂದರಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿರುತ್ತದೆ.

1975ರಲ್ಲಿ ಶೆರಿಂಗ್ಟನ್ ಮತ್ತು ಕರ್ಕ್‌ಪ್ಯಾಟ್ರಿಕ್ ಅನ್ನುವವರು ಇದಕ್ಕೊಂದು ಸರಳ ಮಾದರಿ ಕಟ್ಟಿದರು. ಪ್ರತಿ ಅಯಸ್ಕಾಂತಕ್ಕೂ ಉಳಿದ ಎಲ್ಲದರ ಜೊತೆ ಸಂಬಂಧ ಇದೆ ಅಂದುಕೊಂಡು ಲೆಕ್ಕ ಹಾಕಿದರು. ತೀರಾ ತಣ್ಣಗಾದಾಗ ಎಂಟ್ರೋಪಿ ಸೊನ್ನೆಗಿಂತ ಕಡಿಮೆ ಬಂತು. ಎಂಟ್ರೋಪಿ ಅಂದರೆ ಎಷ್ಟು ಬಗೆಯ ಜೋಡಣೆ ಸಾಧ್ಯ ಅನ್ನುವುದರ ಅಳತೆ. ಒಂದೇ ಬಗೆ ಇದ್ದರೆ ಸೊನ್ನೆ. ಸೊನ್ನೆಗಿಂತ ಕಡಿಮೆ ಅಂದರೆ ಒಂದಕ್ಕಿಂತ ಕಡಿಮೆ ಬಗೆ! ಎಲ್ಲೋ ಎಡವಟ್ಟಾಗಿದೆ ಅಂತ ಅವರಿಗೂ ಗೊತ್ತಿತ್ತು. ಆ ಲೆಕ್ಕದಲ್ಲಿ ಒಂದೇ ವಸ್ತುವಿನ ಹಲವು ನಕಲುಗಳನ್ನು ಇಟ್ಟುಕೊಂಡು, ಎಲ್ಲ ನಕಲುಗಳೂ ಒಂದೇ ಥರ ಅಂದುಕೊಂಡಿದ್ದರು. 1979ರಲ್ಲಿ ಇಟಲಿಯ ಜಾರ್ಜಿಯೋ ಪರಿಸಿ ಆ ಜಾಗಕ್ಕೇ ಕೈಹಾಕಿದರು. ನಕಲುಗಳು ಬೇರೆ ಬೇರೆ ಜೋಡಣೆಯಲ್ಲಿ ನಿಲ್ಲಬಹುದು ಅಂತ ಬಿಟ್ಟುಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಆ ಜೋಡಣೆಗಳು ವಂಶವೃಕ್ಷದ ಹಾಗೆ ಇರುತ್ತವೆ: ಕೆಲವು ಅಣ್ಣತಮ್ಮಂದಿರು, ಕೆಲವು ದಾಯಾದಿಗಳು, ಕೆಲವು ಬಹಳ ದೂರದ ನೆಂಟರು. ಗಣಿತದವರು ಇದನ್ನು ಪೂರ್ತಿ ಸಾಧಿಸಿ ತೋರಿಸಲು 25 ವರ್ಷಕ್ಕಿಂತ ಜಾಸ್ತಿ ಹಿಡಿಯಿತು. 2021ರ ನೊಬೆಲ್‌ನಲ್ಲಿ ಅರ್ಧ ಪರಿಸಿಗೆ ಬಂತು. ನನಗೆ ಕೇಳಿದರೆ ಪೂರ್ತಿ ಕೊಡಬಹುದಿತ್ತು. ಉಳಿದರ್ಧ ಭೂಮಿಯ ಹವಾಮಾನವನ್ನು ಲೆಕ್ಕಕ್ಕೆ ತಂದ ಇಬ್ಬರಿಗೆ ಹೋಯಿತು. ಅದಕ್ಕೆ ನನ್ನ ತಕರಾರೇನಿಲ್ಲ.

ಇನ್ನು ನನ್ನ ಕತೆ. ಮೊದಲ ವರ್ಷ ಒಂದು ತಿಂಗಳು ಪೂರ್ತಿ ಅಳತೆಗಳು ಹೊಂದಲೇ ಇಲ್ಲ. ಅದೇ ಸ್ಯಾಂಪಲ್, ಅದೇ ತಾಪ, ಅದೇ ಕಾಂತಕ್ಷೇತ್ರ. ಒಂದು ದಿನದ ಗ್ರಾಫ್ ಇನ್ನೊಂದು ದಿನದ್ದರ ಮೇಲೆ ಕೂರುತ್ತಿರಲಿಲ್ಲ. ವೈರು ಬದಲಾಯಿಸಿದೆ, ಥರ್ಮಾಮೀಟರ್ ಬದಲಾಯಿಸಿದೆ. ಒಂದು ರಾತ್ರಿ ಅತ್ತೂಬಿಟ್ಟೆ. (ಅಮ್ಮ, ಅದು ಹಳೇ ಮಾತು, ಈಗ ಗಾಬರಿ ಆಗಬೇಡ.) ಕೊನೆಗೆ ಗೈಡ್ ಹತ್ತಿರ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ತಣ್ಣಗಾದ ಮೇಲೆ ಎಷ್ಟು ಹೊತ್ತು ಕಾದೆ? ನಾನು ಅದನ್ನು ಬರೆದೇ ಇಟ್ಟಿರಲಿಲ್ಲ. ಕೆಲವು ದಿನ ಊಟ ಮುಗಿಸಿ ಬಂದು ಅಳೆದಿದ್ದೆ, ಕೆಲವು ದಿನ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಳೆದಿದ್ದೆ.

ಈ ಲೋಹಕ್ಕೆ ಅದು ಗೊತ್ತಾಗುತ್ತದೆ! ಸ್ವೀಡನ್ನಿನ ಉಪ್ಸಾಲದಲ್ಲಿ 1983ರಲ್ಲೇ ಇದನ್ನು ತೋರಿಸಿದ್ದರು. ತಣ್ಣಗೆ ಮಾಡಿ ಒಂದು ಗಂಟೆ ಬಿಟ್ಟು, ಆಮೇಲೆ ಸಣ್ಣ ಕಾಂತಕ್ಷೇತ್ರ ಹಾಕಿದರೆ ಅದು ನಿಧಾನವಾಗಿ ತಿರುಗಿಕೊಳ್ಳಲು ಶುರುಮಾಡುತ್ತದೆ. ಗ್ರಾಫಿನಲ್ಲಿ ದೊಡ್ಡ ತಿರುವು ಬರುವುದು ಸುಮಾರು ಒಂದು ಗಂಟೆಯ ಹೊತ್ತಿಗೆ. ಹತ್ತು ಗಂಟೆ ಬಿಟ್ಟಿದ್ದರೆ ಸುಮಾರು ಹತ್ತು ಗಂಟೆಗೆ. ಜಾಸ್ತಿ ಹೊತ್ತು ಕೂತಷ್ಟೂ ಜಾಸ್ತಿ ಜಡ್ಡುಗಟ್ಟುತ್ತದೆ. ಇದಕ್ಕೆ ಏಜಿಂಗ್ ಅನ್ನುತ್ತಾರೆ. ಆದರೆ ಸವೆಯುವುದೇನೂ ಇಲ್ಲ. ಬಿಸಿ ಮಾಡಿಬಿಟ್ಟರೆ ಮತ್ತೆ ಹೊಸದು.

ಇನ್ನೂ ವಿಚಿತ್ರ ಒಂದಿದೆ. 1998ರಲ್ಲಿ ಫ್ರೆಂಚರು ಮತ್ತು ಸ್ವೀಡನ್ನಿನವರು ಸೇರಿ ಬೇರೊಂದು ಸ್ಪಿನ್ ಗ್ಲಾಸನ್ನು ತಣ್ಣಗೆ ಮಾಡುತ್ತಾ ನಡುವೆ 12 ಕೆಲ್ವಿನ್‌ನಲ್ಲಿ ಗಂಟೆಗಟ್ಟಲೆ ನಿಲ್ಲಿಸಿದರು. ಅಂದರೆ ಸುಮಾರು ಮೈನಸ್ 261 ಡಿಗ್ರಿ. ಆಮೇಲೆ ಇನ್ನೂ ಕೆಳಗಿಳಿಸಿದರು. ಅಲ್ಲಿ ಹಳೆಯದೆಲ್ಲ ಮರೆತ ಹಾಗೆ ನಡೆದುಕೊಂಡಿತು. ಎಲ್ಲೂ ನಿಲ್ಲಿಸದೆ ಮತ್ತೆ ಬಿಸಿ ಮಾಡುತ್ತಾ ಬಂದಾಗ, ಸರಿಯಾಗಿ 12ರ ಹತ್ತಿರ ಗ್ರಾಫಿನಲ್ಲಿ ಒಂದು ತಗ್ಗು ಕಾಣಿಸಿತು. ತಾನು ಎಲ್ಲಿ ನಿಂತಿದ್ದೆ ಅನ್ನುವುದು ಅದಕ್ಕೆ ನೆನಪಿತ್ತು. ನಾನು ಈಗ ತಾಮ್ರದ ಚೂರಿನಲ್ಲಿ ಮಾಡುತ್ತಿರುವುದು ಇದೇ ಬಗೆಯ ಆಟ. ಎರಡು ಕಡೆ ನಿಲ್ಲಿಸಿದರೆ ಎರಡೂ ನೆನಪು ಎಷ್ಟರ ಮಟ್ಟಿಗೆ ಉಳಿಯುತ್ತವೆ, ಒಂದು ಇನ್ನೊಂದನ್ನು ಯಾವಾಗ ಅಳಿಸುತ್ತದೆ ಅಂತ ನೋಡುತ್ತಿದ್ದೇನೆ.

ಅಮ್ಮ, "ಇದರಿಂದ ಏನು ಉಪಯೋಗ?" ಅಂತ ನೀನು ಕೇಳುತ್ತೀಯ ಅಂತ ಗೊತ್ತು. ನನ್ನ ಚೂರಿನಿಂದ ಏನೂ ಇಲ್ಲ. ಆದರೆ ಇದೇ ಗಣಿತ ಇಟ್ಟುಕೊಂಡು 1982ರಲ್ಲಿ ಜಾನ್ ಹಾಪ್‌ಫೀಲ್ಡ್ ನೆನಪಿಡುವ ಒಂದು ಜಾಲ ಕಟ್ಟಿದರು. ಅರ್ಧಂಬರ್ಧ ಚಿತ್ರ ಕೊಟ್ಟರೆ ಪೂರ್ತಿ ಚಿತ್ರ ನೆನಪಿಸಿಕೊಳ್ಳುತ್ತದೆ. ಅದಕ್ಕೆ 2024ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಪುಟ್ಟಿ ಫೋನಿನಲ್ಲಿ ಮಾತಾಡಿಸುತ್ತಾಳಲ್ಲ ಆ ಎಐ, ಅದರ ವಂಶದ ಹಿರಿಯರಲ್ಲಿ ಇದೂ ಒಂದು.

ಕೋರ್ಸು ಯಾವಾಗ ಮುಗಿಯುತ್ತೆ ಅಂತ ಮಾತ್ರ ಈ ಸಲ ಕೇಳಬೇಡಿ. ಅಲಾರಂ ಹೊಡೆಯುತ್ತಿದೆ. ಕಾದಿದ್ದು ಮೂರು ಗಂಟೆ ಎರಡು ನಿಮಿಷ. ಮೊದಲು ನೋಟ್‌ಬುಕ್ಕಿನಲ್ಲಿ ಬರೆದೆ, ಆಮೇಲೆ ಇಲ್ಲಿ.

ಇಂತಿ,
ನಿಮ್ಮ ಮಗಳು