ದನಿ ಹೋದ ಮೂರು ತಿಂಗಳು ನನ್ನ ಕ್ಲಾಸು ನಡೆಸಿದವರಿಗೆ

ಮೊನ್ನೆ ಸೋಮವಾರ ಹಾಜರಿ ನಾನೇ ಕೂಗಿದೆ. 1 ರಿಂದ 42 ರವರೆಗೆ, ಮಧ್ಯದಲ್ಲಿ ಎಲ್ಲೂ ದನಿ ಒಡೆಯಲಿಲ್ಲ. ಹಾಜರಿ ಕೂಗಿದ್ದಕ್ಕೆಲ್ಲ ಇಷ್ಟುದ್ದ ಬರೀತಾರಾ ಅಂತ ನಗಬೇಡಿ. ಆಗಸ್ಟ್‌ನಿಂದ ಈ ಕೆಲಸವನ್ನು ನನ್ನ ಬದಲು ಯಾರ್ಯಾರೋ ಮಾಡಿದ್ದಾರೆ. ಒಬ್ಬೊಬ್ಬರ ಹತ್ತಿರ ಹೋಗಿ ಥ್ಯಾಂಕ್ಸ್ ಹೇಳುತ್ತಾ ಕೂತರೆ ಮತ್ತೆ ಗಂಟಲು ಕಟ್ಟುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಗೊತ್ತಿಲ್ಲದವರಿಗೆ: ನಾನು ಚಿತ್ರದುರ್ಗದಲ್ಲಿ ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ಜುಲೈನಿಂದಲೇ ಸಂಜೆ ಹೊತ್ತಿಗೆ ದನಿ ಬೀಳುತ್ತಿತ್ತು. ಮೆಣಸಿನ ಕಷಾಯ, ಉಪ್ಪುನೀರು, ಕಲ್ಲುಸಕ್ಕರೆ, ಪಕ್ಕದ ಮನೆ ಅಜ್ಜಿಯ ಅತಿಮಧುರ, ಎಲ್ಲ ಆಯಿತು. ಕೊನೆಗೆ ದಾವಣಗೆರೆಗೆ ಹೋಗಿ ತೋರಿಸಿದರೆ ಸ್ವರತಂತುಗಳ ಮೇಲೆ ಸಣ್ಣ ಗಂಟುಗಳು. ಪಾಠ ಮಾಡುವವರಿಗೆ, ಹಾಡುವವರಿಗೆ, ದಿನವಿಡೀ ಕೂಗುವವರಿಗೆ ಬರುವಂಥದ್ದೇ ಅಂತೆ. ಆಪರೇಷನ್ ಸದ್ಯಕ್ಕೆ ಬೇಡ ಅಂದರು. ಒಂದು ವಾರ ಪೂರ್ತಿ ಮೌನ, ಆಮೇಲೆ ಥೆರಪಿ ಮುಗಿಯುವವರೆಗೆ ಲೆಕ್ಕ ಹಾಕಿ ಮಾತು. ಪಿಸುಮಾತೂ ಬೇಡ, ಅದು ಗಂಟಲಿಗೆ ಇನ್ನೂ ಜಾಸ್ತಿ ಭಾರ. ಅದು ನನಗೆ ಗೊತ್ತೇ ಇರಲಿಲ್ಲ, ಅಲ್ಲಿಯವರೆಗೆ ಪಿಸುಗುಟ್ಟಿಯೇ ಮನೆ ನಡೆಸಿದ್ದೆ.

ಬಸ್ಸಲ್ಲಿ ವಾಪಸ್ ಬರುವಾಗ ಅತ್ತುಬಿಟ್ಟೆ. ನನ್ನಂಥವರಿಗೆ ತಿಂಗಳುಗಟ್ಟಲೆ ರಜೆ ಹಾಕೋ ಅನುಕೂಲ ಇಲ್ಲ. ಕ್ಲಾಸ್ ಬಿಟ್ಟರೆ ಆ ಕ್ಲಾಸ್ ಇನ್ನೊಬ್ಬರ ಕೈಗೆ ಹೋಗುತ್ತೆ. ಮಾತೇ ಆಡದೆ ಇಂಗ್ಲಿಷ್ ಪಾಠ ಮಾಡೋದು ಹೇಗೆ ಹೇಳಿ?

ಇಲ್ಲಿ ಮೊದಲ ಥ್ಯಾಂಕ್ಸ್ ಕಾಮರ್ಸ್ ವಿಭಾಗದ ನನ್ನ ಗೆಳತಿಗೆ. ‘ನೀನು ಮಾತಾಡಬೇಡ, ನಿನ್ನ ಬದಲು ಬೇರೆ ಯಾರಾದ್ರೂ ಮಾತಾಡ್ಲಿ. ಆ ಟೆಡ್ ಭಾಷಣಗಳನ್ನ ನೋಡ್ತಾ ಇರ್ತೀಯಲ್ಲ, ಅವನ್ನೇ ಹಾಕು’ ಅಂದಳು. ಟೆಡ್ ಅಂದರೆ ಹೊಸ ವಿಚಾರಗಳ ಬಗ್ಗೆ ಚಿಕ್ಕ ಭಾಷಣ ಮಾಡಿಸಿ, ವಿಡಿಯೋವನ್ನು ನೆಟ್‌ನಲ್ಲಿ ಹಾಕುವ ಸಂಸ್ಥೆ. ಅವಳೇ ಬಂದು ಹಾಜರಿ ಕೂಗಿ ತನ್ನ ಕ್ಲಾಸಿಗೆ ಓಡುತ್ತಿದ್ದಳು. ಎರಡನೇ ಥ್ಯಾಂಕ್ಸ್ ನಮ್ಮ ಅಟೆಂಡರ್ ಅಣ್ಣನಿಗೆ. ಸಮಾರಂಭಕ್ಕೆ ಮಾತ್ರ ಹೊರಗೆ ಬರುವ ಸ್ಪೀಕರ್ ಡಬ್ಬವನ್ನು ದಿನಾ ಎರಡನೇ ಮಹಡಿಗೆ ಹೊತ್ತು ತಂದವರು ಅವರು. ಅದರ ವಯರು ಸಡಿಲ. ಕನೆಕ್ಷನ್ ಬಿಡದ ಹಾಗೆ ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಟ್ಟರು, ಈಗಲೂ ಹಾಗೇ ಇದೆ.

ಮೊದಲ ದಿನ ಪೂರ್ತಿ ಸೋತೆ. ಶಿಕ್ಷಣ ತಜ್ಞ ಕೆನ್ ರಾಬಿನ್ಸನ್ ಅವರ 2006 ರ ಭಾಷಣ ಹಾಕಿದೆ, ಶಾಲೆಗಳು ಮಕ್ಕಳ ಸೃಜನಶೀಲತೆಯನ್ನು ಕೊಲ್ಲುತ್ತವಾ ಅನ್ನೋದು. ನನಗೆ ಪಂಚಪ್ರಾಣ. ಟೆಡ್‌ನಲ್ಲಿ ಒಬ್ಬರಿಗೆ ಹೆಚ್ಚೆಂದರೆ 18 ನಿಮಿಷ ಅಂತ ನಿಯಮ ಇದೆ, ಅವರು ಅದನ್ನೂ ಸ್ವಲ್ಪ ದಾಟುತ್ತಾರೆ. ಊಟ ಆದ ಮೇಲಿನ ಪಿರಿಯಡ್ಡು ಬೇರೆ. ಷೇಕ್ಸ್‌ಪಿಯರ್ ಪುಟ್ಟ ಹುಡುಗನಾಗಿ ಯಾರದೋ ಇಂಗ್ಲಿಷ್ ಕ್ಲಾಸಲ್ಲಿ ಕೂತಿದ್ದನ್ನು ಊಹಿಸಿಕೊಳ್ಳಿ ಅಂತ ಅವರು ತಮಾಷೆ ಮಾಡುತ್ತಾರೆ. ಅಲ್ಲಿ ಸಭೆ ಬಿದ್ದು ಬಿದ್ದು ನಗುತ್ತೆ. ನಮ್ಮ ಕ್ಲಾಸಲ್ಲಿ ಫ್ಯಾನ್ ಸದ್ದು. ಹೊಸದುರ್ಗದಿಂದ ಬೆಳಗಿನ ಬಸ್ಸಿಗೆ ಬರುವ ಹುಡುಗ ಡೆಸ್ಕ್ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದ. ಬೈಯೋಣ ಅಂದರೆ ನನಗೆ ದನಿ ಇಲ್ಲ.

‘ವಿಡಿಯೋ ಹಾಕಿ ಕೂತ್ರೆ ಪಾಠ ಆಗುತ್ತಾ’ ಅಂತ ಸ್ಟಾಫ್ ರೂಮಲ್ಲಿ ಒಬ್ಬರು ಅಂದರಂತೆ. ಸಿಟ್ಟು ಬಂತು, ಆದರೆ ಅವತ್ತಿನ ಮಟ್ಟಿಗೆ ಅವರು ಹೇಳಿದ್ದು ಸರಿಯಾಗೇ ಇತ್ತು. ಅವರಿಗೂ ಒಂದು ಥ್ಯಾಂಕ್ಸ್ ಇರಲಿ.

ಆ ರಾತ್ರಿ ಕಿರಾಣಿ ಅಂಗಡಿಯವರು ಕೊಟ್ಟಿದ್ದ ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಿ, ಹಿಂದುಗಡೆ ದಪ್ಪಗೆ ಬರೆದು ನಾಲ್ಕು ಕಾರ್ಡ್ ಮಾಡಿಕೊಂಡೆ. ‘ನಿಲ್ಲಿಸಿ’, ‘ಇನ್ನೊಂದ್ಸಲ’, ‘ಯಾಕೆ?’, ‘ಇಂಗ್ಲಿಷಲ್ಲಿ’. ಉದ್ದದ ಭಾಷಣ ಬಿಟ್ಟು, ಐದಾರು ನಿಮಿಷದ್ದು ಹುಡುಕಿದೆ. ಎರಡು ನಿಮಿಷ ಹಾಕೋದು, ನಿಲ್ಲಿಸೋದು, ಕಾರ್ಡ್ ಎತ್ತೋದು. ಪಕ್ಕದವರ ಜೊತೆ ಮೊದಲು ಕನ್ನಡದಲ್ಲೇ ಮಾತಾಡಿಕೊಳ್ಳಲಿ, ಆಮೇಲೆ ಇಂಗ್ಲಿಷ್. ಹೇಳೋಕೆ ಏನಾದರೂ ಇದ್ದರೆ ತಾನೇ ಭಾಷೆ ಬೇಕಾಗೋದು? ನಾನು ಇಷ್ಟು ವರ್ಷ ಉಲ್ಟಾ ಮಾಡುತ್ತಿದ್ದೆ. ಟೆಡ್ ಸೈಟಲ್ಲಿ ಬಹುತೇಕ ಭಾಷಣಗಳ ಮಾತುಗಳು ಅಕ್ಷರದಲ್ಲಿ ಸಿಗುತ್ತವೆ, ದುಡ್ಡಿಲ್ಲದೆ. ಅದನ್ನು ಪ್ರಿಂಟ್ ತೆಗೆಸಿ ಎರಡನೇ ಸಲ ಕೇಳುವಾಗ ಮಾತ್ರ ಕೈಗೆ ಕೊಡುತ್ತಿದ್ದೆ. ಮೊದಲೇ ಕೊಟ್ಟರೆ ಕಣ್ಣು ಓದುತ್ತೆ, ಕಿವಿ ಮಲಗುತ್ತೆ. ಜೆರಾಕ್ಸ್ ಅಂಗಡಿಯವರು ‘ಮಕ್ಕಳಿಗೆ ತಾನೇ’ ಅಂತ ಎಷ್ಟೋ ಹಾಳೆಗೆ ದುಡ್ಡೇ ತಗೊಳ್ಳಲಿಲ್ಲ.

ಹುಡುಕುವಾಗ ಸಿಕ್ಕಿದ್ದು ವಿಲಿಯಂ ಕಮ್ಕ್ವಾಂಬಾ. ಆಫ್ರಿಕಾದ ಮಲಾವಿ ದೇಶದ ರೈತನ ಮಗ. 2001 ರಲ್ಲಿ ಬರ ಬಂತು. ಮನೆಯಲ್ಲಿ ರಾತ್ರಿ ಒಂದೇ ಹೊತ್ತು ಊಟ, ತಲೆಗೆ ಮೂರು ತುತ್ತು ‘ಎನ್ಸೀಮಾ’. ಫೀಸ್ ಕಟ್ಟಲಾಗದೆ ಹುಡುಗ ಶಾಲೆ ಬಿಟ್ಟ. ಲೈಬ್ರರಿಯಲ್ಲಿ ಗಾಳಿಯಂತ್ರದ ಚಿತ್ರ ನೋಡಿ, ಗುಜರಿಯಿಂದ ಟ್ರ್ಯಾಕ್ಟರ್ ಫ್ಯಾನು, ಹಳೇ ಸೈಕಲ್ಲು, ಪೈಪು ತಂದು ಮನೆ ಹತ್ತಿರ ಗಾಳಿಯಂತ್ರ ನಿಲ್ಲಿಸಿದ. ಅವನ ತಾಯಿಯೂ ಸೇರಿ ಎಲ್ಲರೂ ಹುಚ್ಚ ಅಂದರು. ಲೈಟ್ ಹತ್ತಿತು.

ಎನ್ಸೀಮಾ ಅಂದರೆ ಜೋಳದ, ಅಂದರೆ ಮೆಕ್ಕೆಜೋಳದ ಹಿಟ್ಟಿನದು, ಗಟ್ಟಿಗೆ ತೊಳಸಿ ಕೈಯಲ್ಲಿ ಮುರಿದು ತಿನ್ನೋದು ಅಂತ ಬೋರ್ಡ್ ಮೇಲೆ ಬರೆದೆ. ಭರಮಸಾಗರ ಕಡೆಯ ಹುಡುಗಿ ತಟ್ಟನೆ ‘ಮುದ್ದೆ, ಮೇಡಂ!’ ಅಂದಳು. ಅಷ್ಟೇ, ಕ್ಲಾಸ್ ಎದ್ದು ಕೂತಿತು. ಮೂರು ತುತ್ತಿಗೆ ಹೊಟ್ಟೆ ತುಂಬುತ್ತಾ, ಅವರಿಗೆ ರೇಷನ್ ಇರಲಿಲ್ವಾ, ಮೆಕ್ಕೆಜೋಳ ಬೆಳೆಯೋರೇ ಯಾಕೆ ಹಸಿದರು. ನಾನು ಕಾರ್ಡ್ ಎತ್ತೋದು ಬಿಟ್ಟು ಬೇರೇನೂ ಮಾಡಲಿಲ್ಲ.

ಇನ್ನೊಂದು ಭಾಗಕ್ಕೆ ಮಕ್ಕಳು ಪೂರ್ತಿ ಸುಮ್ಮನಾದರು. ವಿಲಿಯಂಗೆ ಇಂಗ್ಲಿಷ್ ಸರಿಯಾಗಿ ಓದೋಕೆ ಬರುತ್ತಿರಲಿಲ್ಲ, ಚಿತ್ರ ನೋಡಿ ಅದರ ಅಕ್ಕಪಕ್ಕದ ಪದಗಳನ್ನು ಕಲಿತ. ಅವನು 2007 ರಲ್ಲಿ ತಾಂಜಾನಿಯಾದ ಅರುಷಾದಲ್ಲಿ ಮೊದಲ ಸಲ ಟೆಡ್ ವೇದಿಕೆ ಹತ್ತಿದಾಗ, ಕೇಳಿದ ಪ್ರಶ್ನೆಗೆ ತಡವರಿಸಿ ಒಂದೊಂದೇ ಚಿಕ್ಕ ಉತ್ತರ ಕೊಟ್ಟ. ಎರಡು ವರ್ಷ ಬಿಟ್ಟು 2009 ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅದೇ ಕಥೆಯನ್ನು ಐದಾರು ನಿಮಿಷ ತಾನೇ ನಿಂತು ಹೇಳಿದ. ನಾನು ಎರಡೂ ವಿಡಿಯೋ ಒಂದರ ಹಿಂದೆ ಒಂದು ಹಾಕಿದೆ. ಮೊದಲನೇದನ್ನು ಮಕ್ಕಳೇ ‘ಇನ್ನೊಂದ್ಸಲ’ ಅಂತ ಕೇಳಿ ಹಾಕಿಸಿಕೊಂಡರು. ಚೆನ್ನಾಗಿ ಮಾತಾಡಿದ್ದನ್ನಲ್ಲ, ತಡವರಿಸಿದ್ದನ್ನು.

ಆಮೇಲೆ ಜೋಗಿಮಟ್ಟಿ ಗುಡ್ಡದ ಕಡೆಯ ಕಿಟಕಿ ತೋರಿಸಿದೆ. ನಮ್ಮೂರಲ್ಲಿ ಗುಡ್ಡದ ಸಾಲಿನ ಮೇಲೆ ಗಾಳಿ ಫ್ಯಾನ್‌ಗಳು ತಿರುಗುತ್ತಲೇ ಇರುತ್ತವೆ, ದಿನಾ ನೋಡಿ ನೋಡಿ ಯಾರಿಗೂ ಕಾಣೋದೇ ಇಲ್ಲ. ‘ಆ ಕರೆಂಟು ಯಾರದು? ಎಲ್ಲರದು’ ಅಂತ ಬೋರ್ಡ್ ಮೇಲೆ ಬರೆದೆ. ಒಪ್ಪುವವರು ಬಾಗಿಲ ಕಡೆ, ಒಪ್ಪದವರು ಕಿಟಕಿ ಕಡೆ ನಿಲ್ಲಬೇಕು, ಮನಸ್ಸು ಬದಲಾದರೆ ನಡೆದುಕೊಂಡು ಹೋಗಬೇಕು. ಮೂರು ತಿಂಗಳಲ್ಲಿ ಬಾಯಿ ಬಿಡದ ಚಳ್ಳಕೆರೆ ಕಡೆಯ ಒಬ್ಬ ಹುಡುಗ, ರಾತ್ರಿ ತ್ರೀ ಫೇಸ್ ಬಂದಾಗ ಮೋಟರ್ ಹಾಕೋಕೆ ಅಪ್ಪನ ಜೊತೆ ಟಾರ್ಚ್ ಹಿಡಿದು ಹೋಗೋನು, ಕಿಟಕಿ ಹತ್ತಿರ ನಿಂತು ಹೇಳಿದ: ‘ವಿಂಡ್ ಈಸ್ ಅವರ್ಸ್. ಕರೆಂಟ್ ಕಮ್ ಓನ್ಲಿ ನೈಟ್.’ ವ್ಯಾಕರಣ ತಪ್ಪು. ತಿದ್ದೋಣ ಅಂದರೆ ದನಿ ಇಲ್ಲ, ತಿದ್ದೋಕೆ ಕಾರ್ಡೂ ಮಾಡಿರಲಿಲ್ಲ. ಮಾಡದೇ ಇದ್ದದ್ದೇ ಒಳ್ಳೇದಾಯಿತು. ಬಾಗಿಲ ಕಡೆಯಿಂದ ಒಬ್ಬಳು ಗ್ರಿಡ್ ಅಂದರೇನು, ಕರೆಂಟು ಒಂದೇ ಊರಿಗೆ ಯಾಕೆ ಹೋಗಲ್ಲ ಅಂತ ಅರ್ಧ ಕನ್ನಡ ಅರ್ಧ ಇಂಗ್ಲಿಷಲ್ಲಿ ಜಗಳಕ್ಕೆ ನಿಂತಳು. ಬೆಲ್ ಹೊಡೆದರೂ ಯಾರೂ ಹೊರಡಲಿಲ್ಲ.

ಎಲ್ಲ ದಿನವೂ ಹೀಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಕರೆಂಟ್ ಹೋಗಿ ಬರೀ ಪ್ರಿಂಟ್ ಹಾಳೆ ಹಿಡಿದು ಕೂತ ದಿನಗಳಿವೆ. ನಾಲ್ಕೈದು ಮಂದಿಯೇ ಮಾತಾಡಿ ಉಳಿದವರು ಕೇಳಿಸಿಕೊಂಡ ದಿನಗಳಿವೆ. ಪರೀಕ್ಷೆ ಹತ್ತಿರ ಬಂದಾಗ ನೋಟ್ಸ್ ಕೊಡಿ ಅಂದರು, ಕೊಟ್ಟೆ.

ಉಳಿದ ಥ್ಯಾಂಕ್ಸ್‌ಗಳು: ದಾವಣಗೆರೆಯ ಸ್ಪೀಚ್ ಥೆರಪಿಸ್ಟ್ ಅವರಿಗೆ, ಪ್ರತಿ ವಾರ ಸ್ಟ್ರಾ ಕೊಟ್ಟು ನೀರಲ್ಲಿ ಗುಳುಗುಳು ಊದಿಸಿ ನನ್ನ ದನಿ ವಾಪಸ್ ತಂದಿದ್ದಕ್ಕೆ. ಆ ನೆವದಲ್ಲಿ ವಾರಕ್ಕೊಂದು ಬೆಣ್ಣೆ ದೋಸೆ ಆಯಿತು ಅನ್ನೋದು ಬೇರೆ ಮಾತು. ಅತ್ತೆಗೆ, ಮನೆಯಲ್ಲಿ ನನ್ನ ಸನ್ನೆಗಳನ್ನು ತಪ್ಪಾಗಿ ಅರ್ಥ ಮಾಡಿಕೊಂಡು ಹುಳಿಗೆ ಎರಡು ಸಲ ಉಪ್ಪು ಹಾಕಿದರೂ ಒಮ್ಮೆಯೂ ಬೇಜಾರು ಮಾಡಿಕೊಳ್ಳದ್ದಕ್ಕೆ. ಭಾಷಣಗಳನ್ನು ಸಂಬಳವಿಲ್ಲದೆ ಬೇರೆ ಬೇರೆ ಭಾಷೆಗೆ ಇಳಿಸುವ, ನಾನು ಮುಖವನ್ನೂ ನೋಡದ ಸ್ವಯಂಸೇವಕರಿಗೆ.

ಮತ್ತೆ ಮಕ್ಕಳಿಗೆ. ಸೋಮವಾರ ಹಾಜರಿ ಮುಗಿಸಿದ ಮೇಲೆ ದನಿ ಬಂದ ಖುಷಿಗೆ ಶುರು ಮಾಡಿದೆ ನೋಡಿ, ಥೆರಪಿ ಹೇಗಿತ್ತು, ಮುಂದಿನ ತಿಂಗಳು ಏನು ಮಾಡೋಣ, ಪ್ರೆಸೆಂಟ್ ಪರ್ಫೆಕ್ಟ್ ಯಾಕೆ ಮುಖ್ಯ, ಎಲ್ಲಾ ಒಟ್ಟಿಗೆ. ಕಾರ್ಡ್‌ಗಳು ಟೇಬಲ್ ಮೇಲೆ ಇರಬೇಕಿತ್ತು, ಮೂರೇ ಇದ್ದವು. ತಲೆ ಎತ್ತಿದರೆ ಕೊನೇ ಬೆಂಚಲ್ಲಿ ಚಳ್ಳಕೆರೆಯ ಹುಡುಗ ನಾಲ್ಕನೇದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ‘ನಿಲ್ಲಿಸಿ.’